ಹನ್ನೆರಡನೇ ನಂಬರಿನ ಹಾಡು

ಕಳೆದ ವಾರ ವಿಜಯನಗರದಿಂದ ಮನೆಗೆ ಬರುವಾಗ ಆಟೊ ಒಂದು ಅಡ್ಡರಸ್ತೆಯಲ್ಲಿ ನಿಂತುಬಿಟ್ಟಿತು. ಮುಂದೆ ಶಾಮಿಯಾನ ಕಟ್ಟುತ್ತಿದ್ದರು. ಹಿಂದಿನ ದಿನದ ಮಳೆಯಲ್ಲಿ ನೆನೆದು ಅರ್ಧ ಮಾತ್ರ ಒಣಗಿದ ಬಟ್ಟೆ. ಅದರ ಮುಗ್ಗಲು ವಾಸನೆ ಆಟೊದೊಳಕ್ಕೂ ಬಂತು. "ನವೆಂಬರ್ ಅಲ್ವಾ ಮೇಡಂ, ಇನ್ನು ತಿಂಗಳೆಲ್ಲಾ ಇದೇ ಗೋಳು. ರಸ್ತೆಗೊಂದು ರಾಜ್ಯೋತ್ಸವ" ಎಂದು ಗೊಣಗುತ್ತಾ ಡ್ರೈವರ್ ಗಾಡಿ ತಿರುಗಿಸಿದರು. ಆ ವಾಸನೆಯಲ್ಲಿ ನಾನು ಒಂದು ಇಡೀ ನವೆಂಬರ್ ಕಳೆದಿದ್ದೇನೆ, ಸ್ಟೇಜಿನ ಮೂಲೆಯಲ್ಲಿ, ದೊಡ್ಡ ಸ್ಪೀಕರಿನ ಹಿಂದೆ.

ಅದು ನಾನು ಎಂಎಸ್ಸಿ ಮುಗಿಸಿದ ವರ್ಷ. ಪಿಎಚ್‌ಡಿ ಸಂದರ್ಶನ ಆಗಿತ್ತು, ಫಲಿತಾಂಶ ಬಂದಿರಲಿಲ್ಲ. ಆ ವರ್ಷ ನನಗೆ ಬೇರೆ ಸಂಗತಿಗಳೂ ಇದ್ದವು. ಅವು ಇಲ್ಲಿ ಬೇಡ. ನಾವು ಆಗ ಶ್ರೀಗಂಧದ ಕಾವಲಿನಲ್ಲಿ ನಂಜೇಗೌಡರ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ಲೇಔಟ್ ಆಗುವ ಮುಂಚೆ ಅಲ್ಲಿ ಅವರದೇ ಹೊಲವಿತ್ತಂತೆ. ನಾವು ಹೋಗುವ ಹೊತ್ತಿಗೆ ಅವರಿಗೆ ಉಳಿದಿದ್ದದ್ದು ಎರಡು ಮನೆಗಳು, ಒಂದು ಹುಣಸೆ ಮರ ಮತ್ತು ಕೆಳಗಿನ ಗ್ಯಾರೇಜಿನಲ್ಲಿ ಒಂದು ಆರ್ಕೆಸ್ಟ್ರಾ. ಗ್ಯಾರೇಜಿನಲ್ಲಿ ಕಾರು ನಿಂತಿದ್ದನ್ನು ನಾನು ಕಂಡಿಲ್ಲ.

ಒಂದು ಕಾಲಕ್ಕೆ ಆ ಆರ್ಕೆಸ್ಟ್ರಾದಲ್ಲಿ ತಬಲ, ಢೋಲಕ್, ಗಿಟಾರ್, ಕೊಳಲು ಎಲ್ಲಕ್ಕೂ ಜನರಿದ್ದರು. ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದು ಹೋದರು. ನಾನು ನೋಡುವ ಹೊತ್ತಿಗೆ ಅವರೆಲ್ಲರೂ ಒಂದು ಮಷೀನಿನೊಳಗಿದ್ದರು. ಅದರ ಹೆಸರು ಸೀಕ್ವೆನ್ಸರ್ ಎಂದು ನಂಜೇಗೌಡರಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಮನೆಯಲ್ಲಿ ಎಲ್ಲರೂ ಮಷೀನು ಎಂದೇ ಕರೆಯುತ್ತಿದ್ದರು. ಇಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣದ್ದು, ಎರಡು ಸಾಲು ಅಕ್ಷರ ಹಿಡಿಯುವ ಪುಟ್ಟ ಪರದೆ. ಅದು ಧ್ವನಿಯನ್ನು ಹಿಡಿದಿಡುವುದಿಲ್ಲ. ಯಾವ ಮನೆಯನ್ನು, ಎಂದರೆ ಯಾವ ಕೀಯನ್ನು, ಯಾವಾಗ, ಎಷ್ಟು ಬಲವಾಗಿ ಒತ್ತಿದರು ಎಂಬುದನ್ನಷ್ಟೇ ನೆನಪಿಟ್ಟುಕೊಂಡು, ಪಕ್ಕದ ಕೀಬೋರ್ಡಿನಿಂದ ಅದನ್ನು ಹಾಗೇ ಮತ್ತೆ ನುಡಿಸುತ್ತದೆ. ನಂಜೇಗೌಡರು ವರ್ಷಗಟ್ಟಲೆ ಮಧ್ಯಾಹ್ನಗಳಲ್ಲಿ ಕುಳಿತು ಢೋಲಕ್ ಒಂದು ಸಲ, ಬೇಸ್ ಗಿಟಾರ್ ಒಂದು ಸಲ, ಕೊಳಲು ಒಂದು ಸಲ ನುಡಿಸಿ, ಒಂದರ ಮೇಲೊಂದು ಕೂಡಿಸಿ ಹಾಡುಗಳನ್ನು ಕಟ್ಟಿದ್ದರು. ಹಾಡುಗಳನ್ನು ಇಡುವ ಫ್ಲಾಪಿ ಸಿಗುವುದು ನಿಂತ ಮೇಲೆ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಒಂದು ಡಬ್ಬಿ ತಂದು ಫ್ಲಾಪಿಯ ಜಾಗದಲ್ಲಿ ಕೂರಿಸಿದ್ದರು. ಅದಕ್ಕೆ ಪೆನ್ ಡ್ರೈವ್ ಸಿಕ್ಕಿಸಿದರೆ ಕೆಂಪು ಅಂಕಿಗಳು ಹೊತ್ತಿಕೊಳ್ಳುತ್ತಿದ್ದವು. ಒಂದು ಅಂಕಿಗೆ ಒಂದು ಹಾಡು. ತಂಡದಲ್ಲಿ ಯಾರೂ ಹಾಡಿನ ಹೆಸರು ಹೇಳುತ್ತಿರಲಿಲ್ಲ. "ಏಳು ಆದ್ಮೇಲೆ ಇಪ್ಪತ್ತು, ಆಮೇಲೆ ಮೂವತ್ತೊಂದು" ಎಂದರೆ ಕಾರ್ಯಕ್ರಮ ಸಿದ್ಧವಾದಂತೆ.

ಅಕ್ಟೋಬರಿನಲ್ಲಿ ನಂಜೇಗೌಡರು ಸ್ಕೂಟರಿನಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡರು. ಮರುದಿನ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಮೇಲೆ ಬಂದರು.

"ಅರ್ಪಿತಾ, ನೀನು ಕೀಬೋರ್ಡ್ ಕಲ್ತಿದ್ಯಂತಲ್ಲ. ನಿಮ್ಮಮ್ಮ ಹೇಳ್ತಿದ್ರು."

"ಚಿಕ್ಕೋಳಿದ್ದಾಗ ಅಂಕಲ್. ಸ್ಟೇಜ್ ಮೇಲೆಲ್ಲಾ ನಂಗಾಗಲ್ಲ."

"ನೀನು ನುಡಿಸ್ಬೇಕಾಗಿಲ್ಲಮ್ಮ. ಹಾಡು ಹಾಕೋದು, ಮುಗಿದ್ಮೇಲೆ ಇನ್ನೊಂದು ಹಾಕೋದು, ಅಷ್ಟೇ. ಸ್ಪೀಕರ್ ಹಿಂದೆ ಕೂತ್ಕೋ. ಯಾರಿಗೂ ಕಾಣ್ಸಲ್ಲ."

ಕೊನೆಯ ಮಾತಿಗೆ ನಾನು ಒಪ್ಪಿಕೊಂಡೆ.

ಕಲಿಯಲು ಹೆಚ್ಚೇನೂ ಇರಲಿಲ್ಲ. ಅಂಕಿ ತಿರುಗಿಸು, ಲೋಡ್ ಒತ್ತು, ಕಾಯು. ಆದರೆ ಮಷೀನಿನ ಸ್ವಭಾವ ತಿಳಿದಿರಬೇಕಿತ್ತು. ಅದರ ತಲೆಯಲ್ಲಿ ಒಂದು ಸಮಯಕ್ಕೆ ಒಂದೇ ಹಾಡು. ಇನ್ನೊಂದನ್ನು ಲೋಡ್ ಮಾಡಿದರೆ ಮೊದಲಿನದು ಮಾತಿಲ್ಲದೆ ಹೋಗುತ್ತದೆ. ಅದರಲ್ಲಿ ಏನಾದರೂ ಬದಲಾಯಿಸಿ ಸೇವ್ ಮಾಡದೆ ಬಿಟ್ಟಿದ್ದರೆ ಆ ಬದಲಾವಣೆಯೂ ಹೋಗುತ್ತದೆ. ಹಿಂದಕ್ಕೆ ಪಡೆಯುವ ಗುಂಡಿ ಇಲ್ಲ. "ಕಂಪ್ಯೂಟ್ರು ಥರ ಹತ್ತು ಸಲ ಕೇಳಲ್ಲ ಇದು. ಸೇವ್ ಮಾಡ್ವಾಗ ಮಾತ್ರ ಒಂದೇ ಒಂದ್ಸಲ ಕೇಳತ್ತೆ, ಹಳೇದರ ಮೇಲೆ ಹಾಕ್ಲಾ ಅಂತ. ಯೆಸ್ ಅಂದ್ರೆ ಮುಗೀತು" ಎಂದಿದ್ದರು ನಂಜೇಗೌಡರು.

ಹಾಡು ಲೋಡ್ ಆಗಲು ಸ್ವಲ್ಪ ಹೊತ್ತು ಬೇಕಿತ್ತು. ಆ ಹೊತ್ತನ್ನು ತುಂಬುವವನು ಮಂಜ. ಹಗಲು ರಾಜಾಜಿನಗರದ ಟೈಲ್ಸ್ ಅಂಗಡಿಯಲ್ಲಿ ಕೆಲಸ, ಸಂಜೆ ನಿರೂಪಣೆ, ಮಿಮಿಕ್ರಿ, ಗಂಡು ದನಿಯ ಹಾಡುಗಳು. ಅವನ ಜೋಕುಗಳು ಲೋಡಿನಷ್ಟೇ ಉದ್ದ ಇರುತ್ತಿದ್ದವು. ಉದ್ದದ ಹಾಡಿಗೆ ಅತ್ತೆ-ಸೊಸೆಯ ಜೋಕು, ಚಿಕ್ಕ ಹಾಡಿಗೆ ಬಿಎಂಟಿಸಿ ಕಂಡಕ್ಟರಿನ ಜೋಕು. ಅವನು ಮಾತಾಡುತ್ತಿರುವಾಗಲೇ ಗಾಯಕಿ ಬೆನ್ನ ಹಿಂದೆ ಬೆರಳು ಮಾಡಿ ಮುಂದಿನ ನಂಬರು ತೋರಿಸುತ್ತಿದ್ದರು.

ಗಾಯಕಿ ಎಂದರೆ ಗಿರಿಜಕ್ಕ. ದಾವಣಗೆರೆ ಕಡೆಯವರು, ಮದುವೆಯಾಗಿ ವಿಜಯನಗರಕ್ಕೆ ಬಂದವರು. ಬೆಳಗ್ಗೆ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಶ್ರಾವಣದಲ್ಲಿ ವಚನ ಗಾಯನ, ನವೆಂಬರಿನಲ್ಲಿ ಆರ್ಕೆಸ್ಟ್ರಾ. ಆ ವರ್ಷ ಆಷಾಢದಲ್ಲಿ ಅವರಿಗೆ ಥೈರಾಯ್ಡ್ ಆಪರೇಷನ್ ಆಗಿತ್ತು. ಕುತ್ತಿಗೆಯ ಗೆರೆ ಮುಚ್ಚುವಂತೆ ಅಗಲ ಪದಕದ ಸರ ಹಾಕಿಕೊಂಡು ರಿಹರ್ಸಲ್‌ಗೆ ಬಂದರು. ಮಾತಾಡುವಾಗ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಹಾಡಿದಾಗ ಗೊತ್ತಾಯಿತು. ಪಲ್ಲವಿಯಲ್ಲಿ ಹಳೆಯ ಗಿರಿಜಕ್ಕನೇ. ಚರಣದಲ್ಲಿ ಸ್ವರ ಮೇಲೇರುವ ಕಡೆ ದನಿ ಇರಲಿಲ್ಲ, ಬರಿಯ ಉಸಿರಿತ್ತು.

"ಡಾಕ್ಟ್ರು ಏನಂದ್ರು?" ನಂಜೇಗೌಡರು ಕೇಳಿದರು.

"ಬರಬಹುದು ಅಂದ್ರು. ಬರದೇನೂ ಇರಬಹುದು ಅಂದ್ರು. ಅಷ್ಟು ಹೇಳೋಕೆ ಅವರೇ ಆಗ್ಬೇಕಿತ್ತಾ ಗೌಡ್ರೆ?"

ಮಂಜ ನಕ್ಕ. ಗಿರಿಜಕ್ಕ ನಗಲಿಲ್ಲ.

ಗಿರಿಜಕ್ಕನ ಹಾಡುಗಳನ್ನೆಲ್ಲ ಕೆಳಗಿಳಿಸಬೇಕಾಗಿತ್ತು. ಮಷೀನಿನಲ್ಲಿ ಅದಕ್ಕೊಂದು ಗುಂಡಿಯಿದೆ. ಒಂದು ಸಲ ಒತ್ತಿದರೆ ಇಡೀ ಹಾಡು ಕೆಳಗಿನ ಶ್ರುತಿಗೆ ಬರುತ್ತದೆ ಎಂದುಕೊಂಡು ನಾನು ಒತ್ತಿದೆ. ಢೋಲಕ್ಕಿನ ಪೆಟ್ಟುಗಳೂ ಒಂದೊಂದು ಮನೆಯಲ್ಲೇ ಕುಳಿತಿರುತ್ತವೆ, ಅವೂ ಜಾರಿದವು. ಢೋಲಕ್ ಬರಬೇಕಾದಲ್ಲಿ ಶಿಳ್ಳೆ, ತಾಳ ಬರಬೇಕಾದಲ್ಲಿ ಹಸುವಿನ ಗಂಟೆ. "ಅಕ್ಕಾ, ಇದು ಜಾನಪದ ಅಲ್ಲ, ಸುಮ್ನಳ್ಳಿ ಸಿಗ್ನಲ್ ಟ್ರಾಫಿಕ್ಕು" ಎಂದ ಮಂಜ. ಆಗ ಗಿರಿಜಕ್ಕನಿಗೂ ನಗು ಬಂತು.

ತಾಳವಾದ್ಯ ಬಿಟ್ಟು ಉಳಿದದ್ದನ್ನು ಒಂದೊಂದಾಗಿ ಇಳಿಸಿದೆ. ಆಗಲೂ ಎಲ್ಲ ಸರಿಯಾಗಲಿಲ್ಲ. ಬೇಸ್ ತಳ ಹಿಡಿದು ಗುಂಯ್ ಎನ್ನುತ್ತಿತ್ತು, ಕೊಳಲು ಕೊಳಲಿನಂತೆ ಕೇಳುತ್ತಿರಲಿಲ್ಲ. ಅವೆರಡನ್ನೂ ಹೊಸದಾಗಿ ನುಡಿಸಬೇಕಾಯಿತು. ನಂಜೇಗೌಡರು ಪಕ್ಕದಲ್ಲಿ ಕುಳಿತು ಬಾಯಲ್ಲಿ ಹೇಳುತ್ತಿದ್ದರು, ನಾನು ನುಡಿಸುತ್ತಿದ್ದೆ. "ಅಲ್ಲಿ ಅಷ್ಟು ನೀಟಾಗಿ ಬರ್ಬೇಡ. ಕೊಳಲೂದೋನು ಉಸಿರು ತಗೋತಾನಲ್ಲ, ಸ್ವಲ್ಪ ತಡ ಆಗತ್ತೆ. ನೀನೂ ತಡ ಮಾಡು." ತಡ ಮಾಡುವುದು ನನಗೆ ಸುಲಭವಾಗಿ ಬರಲಿಲ್ಲ. ಒಂದು ಮಧ್ಯಾಹ್ನ ಕೊಳಲಿನ ಭಾಗ ಕೊನೆಗೂ ಅವರಿಗೆ ಒಪ್ಪಿಗೆಯಾಗುವಂತೆ ಬಂತು. ಅಷ್ಟರಲ್ಲಿ ಕರೆಂಟ್ ಹೋಯಿತು.

"ಸೇವ್ ಮಾಡಿದ್ಯಾ?"

"ಇಲ್ಲ ಅಂಕಲ್."

"ಹೋಗ್ಲಿ ಬಿಡು. ಕಾಫಿ ಕುಡ್ಕೊಂಡು ಬಾ."

ಅಂದಿನಿಂದ ನಾನು ಎರಡು ಸಾಲು ನುಡಿಸಿದರೂ ಸೇವ್ ಮಾಡತೊಡಗಿದೆ.

ಹೀಗೆ ಮೊದಲು ಸಿದ್ಧವಾದದ್ದು ಹನ್ನೆರಡನೇ ನಂಬರು. ಅದು ಗಿರಿಜಕ್ಕನ ಹಾಡು. ಸಿನಿಮಾದ್ದಲ್ಲ, ಜನಪದ ಧಾಟಿಯಲ್ಲಿ ನಂಜೇಗೌಡರೇ ಅವರ ದನಿಗೆಂದು ಕೂಡಿಸಿದ್ದು. ವಿಜಯನಗರದಲ್ಲಿ ಗಿರಿಜಕ್ಕನದೇ ರಸ್ತೆಯ ಕಾರ್ಯಕ್ರಮ ಪ್ರತಿವರ್ಷ ಆ ಹಾಡಿನಿಂದಲೇ ಮುಗಿಯುತ್ತಿತ್ತು. ಹೊಸ ಕೊಳಲು, ಹೊಸ ಬೇಸ್ ಸೇರಿಸಿ, ಸೇವ್ ಒತ್ತಿದೆ. ಹಳೆಯದರ ಮೇಲೆ ಹಾಕಲೇ ಎಂದು ಪರದೆ ಕೇಳಿತು. ಗಿರಿಜಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದರು.

"ಬೇಡ ಬೇಡ. ಹಳೇದು ಅಳಿಸ್ಬೇಡ ಕಣೇ."

"ಒಂದು ಹಾಡಿಗೆ ಎರಡು ನಂಬರ್ ಇಟ್ರೆ ಒಂದಿನ ಸ್ಟೇಜ್ ಮೇಲೆ ಕೈ ಕೊಡತ್ತೆ ಗಿರಿಜಾ" ಎಂದರು ನಂಜೇಗೌಡರು.

"ಆರು ತಿಂಗಳಿಗೆ ದನಿ ಬಂದ್ರೆ? ಆಗ ಮತ್ತೆ ಯಾರು ನುಡಿಸ್ತೀರಾ? ಇರ್ಲಿ ಬಿಡಿ."

ನಮ್ಮ ಹಾಡುಗಳೆಲ್ಲ ಐವತ್ತರೊಳಗೇ ಇದ್ದವು. ಹಾಗಾಗಿ ಇಳಿಸಿದ ಹಾಡನ್ನು ಹಳೆಯ ನಂಬರಿಗೆ ಐವತ್ತು ಸೇರಿಸಿ ಇಡೋಣ ಎಂದೆ. ಹನ್ನೆರಡು ಅರವತ್ತೆರಡಾಯಿತು. ಬೆರಳಲ್ಲಿ ಹೇಗೆ ತೋರಿಸುವುದು ಎಂಬುದನ್ನು ಗಿರಿಜಕ್ಕ ತೀರ್ಮಾನಿಸಿದರು: ಮೊದಲು ಹಳೆಯ ನಂಬರು, ಕೊನೆಯಲ್ಲಿ ಮುಷ್ಟಿ. ಮುಷ್ಟಿ ಎಂದರೆ ಇಳಿಸಿದ್ದು.

ನವೆಂಬರ್ ಶುರುವಾಯಿತು. ಬಸವೇಶ್ವರನಗರ, ಕೆಂಗೇರಿ, ಬಿನ್ನಿಪೇಟೆ, ನಾಗರಬಾವಿ. ಎಲ್ಲ ಕಡೆ ಅದೇ ಶಾಮಿಯಾನ, ಅದೇ ಹಳದಿ-ಕೆಂಪು ಬಂಟಿಂಗ್ಸ್, ಮೊದಲ ಸಾಲಿನ ಸೋಫಾದಲ್ಲಿ ಭಾಷಣ ಮುಗಿಸಲು ಅವಸರವಿಲ್ಲದ ಅತಿಥಿಗಳು. ಆ ತಿಂಗಳು ಜಿಟಿಜಿಟಿ ಮಳೆ ಬಿಡಲೇ ಇಲ್ಲ. ಮಷೀನಿನ ಮೇಲೆ ನಾನು ಅಮ್ಮನ ಊಟದ ಮೇಜಿನ ಪ್ಲಾಸ್ಟಿಕ್ ಹಾಸು ಹೊದಿಸುತ್ತಿದ್ದೆ. ನನ್ನ ಜಾಗದಿಂದ ನನಗೆ ಕಾಣುತ್ತಿದ್ದದ್ದು ಕೆಂಪು ಅಂಕಿಗಳು, ಮಂಜನ ಬೂಟುಗಳು ಮತ್ತು ಗಿರಿಜಕ್ಕನ ಬೆನ್ನು. ಅವರ ಕೈ ಪ್ರತಿಸಲವೂ ಮುಷ್ಟಿಯಲ್ಲೇ ಮುಗಿಯುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಬಿನ್ನಿಪೇಟೆಯಲ್ಲಿ ಒಬ್ಬ ಹೆಂಗಸು ಸ್ಟೇಜಿನ ಹತ್ತಿರ ಬಂದು "ಈ ಸಲ ನಿಮ್ಮ ವಾಯ್ಸು ಚೆನ್ನಾಗಿದೆ ಮೇಡಂ, ಗಟ್ಟಿಯಾಗಿದೆ" ಎಂದಾಗ ಗಿರಿಜಕ್ಕ ಕೈ ಮುಗಿದರು. ವ್ಯಾನಿನಲ್ಲಿ ಮಾತ್ರ "ಗಟ್ಟಿ ಅಂತೆ. ದೋಸೆ ಹಿಟ್ಟಾ ಇದು?" ಎಂದರು.

ಹಾಗೆ ಹೇಳಿದವರು ಪ್ರತಿ ವ್ಯಾನ್ ಪ್ರಯಾಣದಲ್ಲೂ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹನ್ನೆರಡರ ಚರಣವನ್ನು ಗುನುಗುತ್ತಿದ್ದರು. ಪಕ್ಕದಲ್ಲಿ ಕುಳಿತ ನನಗೆ ಕೇಳುತ್ತಿತ್ತು. ಇಳಿಸಿದ ಶ್ರುತಿಯಲ್ಲಲ್ಲ, ಹಳೆಯದರಲ್ಲಿ. ಮೇಲಿನ ಸಾಲಿಗೆ ಬಂದಾಗ ನಿಲ್ಲಿಸಿ, ಕಿಟಕಿಯಾಚೆ ನೋಡಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

ತಿಂಗಳ ಕೊನೆಗೆ ವಿಜಯನಗರದ ಅವರ ರಸ್ತೆ. ಆ ರಸ್ತೆಯಲ್ಲಿ ಅವರು ಯಾರಿಗೂ ಗಾಯಕಿ ಮಾತ್ರ ಆಗಿರಲಿಲ್ಲ. ಒಬ್ಬರ ಮಗಳಿಗೆ ಪಾಠ ಹೇಳಿಕೊಟ್ಟವರು, ಇನ್ನೊಬ್ಬರ ಮನೆಯ ನಾಮಕರಣಕ್ಕೆ ತೊಟ್ಟಿಲ ಹಾಡು ಹೇಳಿದವರು. ಆಪರೇಷನ್ ಆದಾಗ ಗಂಜಿ, ಸಾರು ತಂದುಕೊಟ್ಟವರೆಲ್ಲ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕಮಿಟಿಯ ಕಾರ್ಯದರ್ಶಿ ಸ್ಟೇಜಿನ ಹಿಂದೆ ಬಂದು ನಂಜೇಗೌಡರ ಕಿವಿಯ ಹತ್ತಿರ, ಆದರೆ ಎಲ್ಲರಿಗೂ ಕೇಳುವಂತೆ, "ಹಳೇ ಥರ ಹಾಡ್ತಾರಲ್ವಾ ಸಾರ್? ಇಲ್ಲಾಂದ್ರೆ ಮುಂದಿನ ವರ್ಷಕ್ಕೆ ಯಾರನ್ನಾದ್ರೂ ಚಿಕ್ಕ ಹುಡುಗೀನ..." ಎಂದು ಮಾತು ಅರ್ಧಕ್ಕೇ ಬಿಟ್ಟರು. ಗಿರಿಜಕ್ಕ ಅಲ್ಲೇ ಸೆರಗಿಗೆ ಪಿನ್ ಹಾಕಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಕೊನೆಯ ಹಾಡಿನ ಹೊತ್ತಿಗೆ ಮಂಜ ಅತ್ತೆ-ಸೊಸೆಯ ಜೋಕು ಶುರು ಮಾಡಿದ. ಗಿರಿಜಕ್ಕನ ಕೈ ಬೆನ್ನ ಹಿಂದೆ ಬಂತು. ಒಂದು ಬೆರಳು. ಆಮೇಲೆ ಎರಡು. ನಾನು ಮುಷ್ಟಿಗಾಗಿ ಕಾದೆ. ಕೈ ಮುಂದಕ್ಕೆ ಹೋಯಿತು.

ನಾನು ಪಕ್ಕದಲ್ಲಿದ್ದ ನಂಜೇಗೌಡರ ಮುಖ ನೋಡಿದೆ. ಅವರೂ ನೋಡಿದ್ದರು.

"ಮರೆತ್ರಾ ಅಂಕಲ್?"

"ಗೊತ್ತಿಲ್ಲಮ್ಮ. ತೋರಿಸಿದ್ದು ಹನ್ನೆರಡು. ಹನ್ನೆರಡೇ ಹಾಕು."

ಹನ್ನೆರಡು ಹಾಕಿದೆ. ಮೊದಲು ಬಂದದ್ದು ಕೊಳಲು, ನಂಜೇಗೌಡರು ಎಷ್ಟೋ ವರ್ಷದ ಹಿಂದೆ ನುಡಿಸಿದ್ದು, ಉಸಿರು ತೆಗೆದುಕೊಳ್ಳಬೇಕಾದಲ್ಲಿ ತಡವಾಗಿ. ಮೊದಲ ಸಾಲಿನ ಹೆಂಗಸರು ಗುರುತು ಹಿಡಿದು ಚಪ್ಪಾಳೆ ತಟ್ಟಿದರು. ಗಿರಿಜಕ್ಕನ ಬೆನ್ನು ನೆಟ್ಟಗಾಯಿತು. ಪಲ್ಲವಿ ಸರಾಗವಾಗಿ ಬಂತು. ಮೊದಲ ಚರಣವನ್ನೂ ಹೇಗೋ ದಾಟಿಸಿದರು. ಎರಡನೇ ಚರಣದ ಮೇಲಿನ ಸಾಲಿಗೆ ಬಂದಾಗ ದನಿ ಏರಿತು, ಏರಿತು, ಇಲ್ಲವಾಯಿತು. ಮೈಕಿನಲ್ಲಿ ಗಾಳಿಯ ಶಬ್ದವಷ್ಟೇ.

ಮನುಷ್ಯರು ನುಡಿಸುತ್ತಿದ್ದರೆ ಆ ಜಾಗದಲ್ಲಿ ಸುತ್ತು ಹಾಕಿ ಕಾಯುತ್ತಿದ್ದರು. ಮಷೀನು ಕಾಯಲಿಲ್ಲ. ಢೋಲಕ್, ಬೇಸ್, ಕೊಳಲು ಎಲ್ಲವೂ ಅವರನ್ನು ಬಿಟ್ಟು ಮುಂದಕ್ಕೆ ಹೋದವು. ನನ್ನ ಬೆರಳು ಸ್ಟಾಪ್ ಗುಂಡಿಯ ಮೇಲಿತ್ತು.

"ಅವಳು ಹೇಳೋವರ್ಗೂ ನಿಲ್ಲಿಸ್ಬೇಡ" ಎಂದರು ನಂಜೇಗೌಡರು.

ಗಿರಿಜಕ್ಕ ತಿರುಗಿದರು. ಬೆನ್ನ ಹಿಂದೆ ಅಲ್ಲ, ಇಡೀ ರಸ್ತೆಗೆ ಕಾಣುವಂತೆ ಕೈ ಎತ್ತಿ ಮುಷ್ಟಿ ಹಿಡಿದರು.

ನಿಲ್ಲಿಸಿದೆ. ಅಂಕಿ ತಿರುಗಿಸಿ ಅರವತ್ತೆರಡಕ್ಕೆ ತಂದು ಲೋಡ್ ಒತ್ತಿದೆ. ಆ ನಿಶ್ಶಬ್ದ ಮುಚ್ಚಲು ಮಂಜ ಓಡಿ ಬಂದ, "ಏನಾಯ್ತು ಅಂದ್ರೆ ಸ್ನೇಹಿತರೇ, ನಮ್ಮ ಮಷೀನು ಇವತ್ತು ತಿಂಡಿ ತಿಂದಿಲ್ಲ..."

"ಮಂಜ, ಸುಮ್ನಿರೋ" ಎಂದರು ಗಿರಿಜಕ್ಕ, ಮೈಕಿನಲ್ಲೇ. "ಮಷೀನು ಸರಿಯಾಗಿದೆ. ಅದು ನನ್ನ ಹಳೇ ಶ್ರುತಿ. ಆಪರೇಷನ್ ಆದ್ಮೇಲೆ ಅದು ನಂಗೆ ಎಟುಕ್ತಿಲ್ಲ. ಈಗಿನ ಶ್ರುತಿಗೆ ಹಾಕ್ತಾ ಇದಾರೆ, ಅದು ಬರೋಕೆ ಸ್ವಲ್ಪ ಹೊತ್ತಾಗತ್ತೆ. ಕೂತಿರಿ."

ಯಾರೂ ಏಳಲಿಲ್ಲ. ಹಿಂದಿನ ಸಾಲಿನಿಂದ ಯಾರೋ "ನಿಧಾನ ಆಗ್ಲಿ ಗಿರಿಜಾ, ನಮ್ಗೇನ್ ಅರ್ಜೆಂಟಿಲ್ಲ, ಅಡ್ಗೆ ಆಗಿದೆ" ಎಂದು ಕೂಗಿದರು. ಕುರ್ಚಿಗಳಲ್ಲಿ ನಗು ಎದ್ದಿತು. ಹಾಡು ಬಂತು. ಈ ಸಲದ ಕೊಳಲು ನನ್ನದು, ತೀರಾ ನೀಟಾಗಿತ್ತು. ಗಿರಿಜಕ್ಕ ಮೊದಲಿನಿಂದ ಕೊನೆಯವರೆಗೆ ಹಾಡಿದರು. ಹಾಡು ಮುಗಿದಾಗ ಕಾರ್ಯದರ್ಶಿ ಚಪ್ಪಾಳೆ ತಟ್ಟುತ್ತಿದ್ದರೋ ಇಲ್ಲವೋ ನನಗೆ ಕಾಣಲಿಲ್ಲ, ಸ್ಪೀಕರ್ ಅಡ್ಡವಿತ್ತು.

ಮರುದಿನ ಶಾಲೆ ಮುಗಿಸಿಕೊಂಡು ಅವರು ನೇರವಾಗಿ ಗ್ಯಾರೇಜಿಗೆ ಬಂದರು. ನಾನು ವೈರುಗಳನ್ನು ಸುತ್ತಿಡುತ್ತಿದ್ದೆ. ನಂಜೇಗೌಡರು ಎಡಗೈಯಲ್ಲಿ ಪೇಪರ್ ಹಿಡಿದುಕೊಂಡು ಓದುತ್ತಿದ್ದರು.

"ಮರ್ತಿರಲಿಲ್ಲ ಗೌಡ್ರೆ. ಬೇಕಂತ್ಲೇ ಮುಷ್ಟಿ ಹಿಡೀಲಿಲ್ಲ" ಎಂದರು. "ನಿನ್ನೆ ಬೆಳಗ್ಗೆ ಬಚ್ಚಲಲ್ಲಿ ಹೇಳಿದಾಗ ಬಂದಿತ್ತು. ಪೂರ್ತಿ ಬಂದಿತ್ತು. ಒಂದೇ ಸಲ."

"ಬಚ್ಚಲಲ್ಲಿ ಎಲ್ರಿಗೂ ಬರತ್ತೆ ಗಿರಿಜಾ."

"ಹ್ಞೂಂ." ಅವರು ನನ್ನ ಕಡೆ ತಿರುಗಿದರು. "ಹನ್ನೆರಡರ ಮೇಲೆ ಅರವತ್ತೆರಡು ಹಾಕು ಅರ್ಪಿತಾ."

ನಾನು ನಂಜೇಗೌಡರನ್ನು ನೋಡಿದೆ. ಹೋಗುವುದು ಅವರು ನುಡಿಸಿದ ಕೊಳಲು. ಅವರು ಪೇಪರ್ ಮಡಚಿದರು. "ಹಾಕಮ್ಮ. ನನ್ನ ಕೈ ಸರಿ ಹೋಗ್ಲಿ, ನೀನು ಊದಿರೋದನ್ನ ಆಮೇಲೆ ರಿಪೇರಿ ಮಾಡ್ತೀನಿ."

"ಬೇಕಿದ್ರೆ ಹಳೇದನ್ನ ನನ್ನ ಲ್ಯಾಪ್‌ಟಾಪಲ್ಲಿ ಕಾಪಿ ಇಟ್ಕೋತೀನಿ ಅಕ್ಕ" ಎಂದೆ. "ಜಾಗಕ್ಕೇನೂ ತೊಂದ್ರೆ ಇಲ್ಲ. ಎಲ್ಲೋ ಒಂದು ಕಡೆ ಇರತ್ತೆ."

"ಬೇಡ. ಇದ್ರೆ ಕೇಳ್ತಾನೇ ಇರ್ತೀನಿ."

"ಅಳಿಸೋ ಮುಂಚೆ ಒಂದ್ಸಲ ಹಾಕ್ಲಾ?"

"ಯಾತಕ್ಕೆ? ನಂಗೆ ಬಾಯಿಪಾಠ ಇದೆಯಲ್ಲ ಅದು."

ಅರವತ್ತೆರಡನ್ನು ಲೋಡ್ ಮಾಡಿದೆ. ಅಂಕಿಯನ್ನು ಹನ್ನೆರಡಕ್ಕೆ ತಿರುಗಿಸಿದೆ. ಸೇವ್ ಒತ್ತಿದೆ. ಪರದೆ ತನ್ನ ಒಂದೇ ಪ್ರಶ್ನೆಯನ್ನು ಕೇಳಿತು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಗಿರಿಜಕ್ಕ ಕನ್ನಡಕ ಹಾಕಿಕೊಂಡು, ಯಾವ ಗುಂಡಿ ಎಂದು ಕೇಳಿ, ಯೆಸ್ ಒತ್ತಿದರು. ಡಬ್ಬಿಯ ದೀಪ ಸ್ವಲ್ಪ ಹೊತ್ತು ಮಿನುಗಿ ನಿಂತಿತು.

"ಅಷ್ಟೇನಾ?"

"ಅಷ್ಟೇ ಅಕ್ಕ."

ಉಳಿದ ಹಾಡುಗಳಿಗೂ ಹಾಗೆಯೇ ಮಾಡಿದೆವು. ಎರಡನೆಯದರಿಂದ ಅವರು ಪರದೆ ಓದುವುದನ್ನು ಬಿಟ್ಟರು. ಎಲ್ಲ ಮುಗಿದ ಮೇಲೆ ನಾನು ಐವತ್ತರಿಂದಾಚೆಯ ಫೈಲುಗಳನ್ನು ಒಂದೊಂದಾಗಿ ಅಳಿಸಿ, ಕೊನೆಗೆ ಅರವತ್ತೆರಡನ್ನೂ ಅಳಿಸಿದೆ. ಒಂದು ಹಾಡಿಗೆ ಒಂದೇ ನಂಬರು ಉಳಿಯಿತು.

"ಇದು ಖಾಲಿ" ಎಂದೆ.

"ಖಾಲಿ ಯಾಕಿರ್ಬೇಕು?" ಗಿರಿಜಕ್ಕ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತರು. ಆಮೇಲೆ ಬಾಯಿ ಮುಚ್ಚಿಕೊಂಡೇ ಏನನ್ನೋ ಗುನುಗಿದರು. ನಮ್ಮ ಯಾವ ನಂಬರಿನಲ್ಲೂ ಇಲ್ಲದ ಧಾಟಿ. ಮೇಲಕ್ಕೆ ಹೋಗುತ್ತಿರಲಿಲ್ಲ, ಕೆಳಗಿನ ಸ್ವರಗಳಲ್ಲೇ ತಿರುಗಿ, ಇನ್ನೂ ಕೆಳಗೆ ಇಳಿದು, ಅಲ್ಲಿ ನಿಲ್ಲುತ್ತಿತ್ತು. ಆ ಕೆಳಗಿನ ದನಿ ಮೊದಲಿನ ಗಿರಿಜಕ್ಕನಿಗೆ ಇರಲಿಲ್ಲ ಎಂದು ನಂಜೇಗೌಡರು ಆಮೇಲೆ ಹೇಳಿದರು. ಆಗ ಅವರು ಎಡಗೈಯ ಬೆರಳುಗಳಿಂದ ಕೀಬೋರ್ಡಿನಲ್ಲಿ ಆ ಸ್ವರಗಳನ್ನು ಹುಡುಕತೊಡಗಿದ್ದರು. ನಾನು ರೆಕಾರ್ಡ್ ಒತ್ತಿದೆ. ಎರಡು ಸಾಲು ಬಂತು, ಅಷ್ಟಕ್ಕೆ ನಿಂತಿತು.

"ಹೆಸರೇನು ಹಾಕ್ಲಿ ಅಕ್ಕ? ಎಂಟಕ್ಷರದೊಳಗೆ ಇರ್ಬೇಕು."

"ಹೆಸ್ರು ಆಮೇಲೆ ನೋಡ್ಕೊಳ್ಳೋಣ ಕಣೇ" ಎಂದರು ಗಿರಿಜಕ್ಕ. "ಕರೆಂಟ್ ಹೋಗ್ಬಿಡತ್ತೆ, ಮೊದ್ಲು ಸೇವ್ ಮಾಡು."